ಕಾಫಿ ಚೀಟಿಗೆ ಬ್ಯಾಂಕಿನ ಮೊಹರು

1943ನೇ ಇಸವಿ. ಚಾಮರಾಜಪೇಟೆಯಲ್ಲಿದ್ದ ಒಂದು ಸಣ್ಣ ಖಾಸಗಿ ಬ್ಯಾಂಕಿನ ಶಾಖೆಯಲ್ಲಿ ನಾನು ಕೌಂಟರ್ ಗುಮಾಸ್ತ. ಸಂಬಳ ಮೂವತ್ತೈದು ರೂಪಾಯಿ, ತುಟ್ಟಿಭತ್ಯೆ ಐದು. ವಯಸ್ಸು ಇಪ್ಪತ್ತನಾಲ್ಕು. ನಮ್ಮ ತಂದೆಯವರಿಗೆ ಬಳೇಪೇಟೆಯಲ್ಲಿ ಬಳೆಯ ಸಗಟು ಅಂಗಡಿಯಿತ್ತು. ಅಂಗಡಿಯಲ್ಲಿ ಕೂರುವುದು ಬಿಟ್ಟು ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದ ಮೊದಲ ಮಗ ನಾನು. ಆ ಓದಿನ ಕೊಬ್ಬು ಇನ್ನೂ ಇಳಿದಿರಲಿಲ್ಲ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ಮೇಲೂ, ಆ ವರ್ಷ ನಾನು ಮಾಡಿದ ಕೆಲಸ ನೆನೆದರೆ ಕೂತಲ್ಲೇ ಬೆವರುತ್ತೇನೆ.

ಆಗ ಯುದ್ಧದ ಕಾಲ. ಅಕ್ಕಿ, ಸಕ್ಕರೆ, ಸೀಮೆಎಣ್ಣೆಗೆಲ್ಲ ಅಭಾವವಿತ್ತು ಎಂದು ಎಲ್ಲರೂ ಹೇಳುತ್ತಾರೆ. ಚಿಲ್ಲರೆಗೂ ಅಭಾವವಿತ್ತು ಎಂಬುದನ್ನು ಈಗಿನವರು ನಂಬುವುದಿಲ್ಲ. ಕಾಗದದ ನೋಟಿಗೆ ನಾಳೆ ಏನು ಗತಿಯೋ, ಲೋಹವಾದರೆ ಲೋಹವಾಗಿಯಾದರೂ ಉಳಿಯುತ್ತದೆ ಎಂದು ಜನ ಆಣೆ, ಅರ್ಧಾಣೆಗಳನ್ನೆಲ್ಲ ಗಡಿಗೆಯಲ್ಲಿ ಹಾಕಿ ಮುಚ್ಚಿಟ್ಟರು. ಒಂದು ರೂಪಾಯಿಗೆ ಹದಿನಾರು ಆಣೆ ಎಂಬುದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಉಳಿಯಿತು. ನಮ್ಮ ಬ್ಯಾಂಕಿನಲ್ಲಿ ಒಬ್ಬ ಗಿರಾಕಿಗೆ ದಿನಕ್ಕೆ ಎರಡು ರೂಪಾಯಿ ಚಿಲ್ಲರೆ, ಅದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ ಎಂದು ಮ್ಯಾನೇಜರ್ ಶ್ರೀಕಂಠಯ್ಯನವರ ಕಟ್ಟಪ್ಪಣೆ.

ಬ್ಯಾಂಕಿನಿಂದ ಎರಡು ಮನೆ ಆಚೆಗೆ ವಾಸುದೇವ ರಾಯರ ಕಾಫಿ ಹೋಟೆಲು. ಒಳಕೋಣೆ ಬ್ರಾಹ್ಮಣರಿಗೆ, ಹೊರಗಿನ ಹಜಾರ ನಮ್ಮಂಥವರಿಗೆ. ಕಾಫಿಗೆ ಒಂದಾಣೆ. ಬಂದವರೆಲ್ಲ ರೂಪಾಯಿ ನೋಟು ಚಾಚುವರು, ಹದಿನೈದಾಣೆ ವಾಪಸು ಕೊಡಲು ರಾಯರ ಬಳಿ ಏನಿದೆ? 'ನಾಳೆ ಕೊಡ್ತೀನಿ ರಾಯರೇ' ಎಂದು ಎದ್ದು ಹೋದವರು ನಾಳೆ ಎದುರುಗಡೆ ಹೋಟೆಲಿಗೆ ಹೋಗುವರು. ರಾಯರು ದಿನಾ ಬೆಳಿಗ್ಗೆ ನನ್ನ ಕೌಂಟರಿನ ಮುಂದೆ ನಿಂತು ತಲೆಯ ಮೇಲೆ ಕೈ ಹೊತ್ತುಕೊಳ್ಳುವರು.

ಫೆಬ್ರವರಿಯ ಒಂದು ದಿನ ನಾನು ಜಂಬದಿಂದ ಉಪದೇಶ ಮಾಡಿದೆ. ಹಣ ಎಂದರೆ ಲೋಹವಲ್ಲ ರಾಯರೇ, ನಂಬಿಕೆ. ನಿಮ್ಮ ಕಾಫಿಯನ್ನು ಊರೆಲ್ಲ ನಂಬುತ್ತದೆ. ಚಿಲ್ಲರೆಗೆ ಬದಲು 'ಒಂದು ಕಾಫಿ' ಎಂದು ಚೀಟಿ ಬರೆದುಕೊಡಿ, ನಾಳೆ ಅದನ್ನು ತಂದವರಿಗೆ ಕಾಫಿ ಕೊಡಿ, ಮುಗಿಯಿತು. ರಾಯರು ಕಣ್ಣರಳಿಸಿ ಕೇಳಿದರು. ಮರುದಿನವೇ ಹಳೆಯ ಮದುವೆ ಕಾಗದಗಳನ್ನು ಬೆರಳುದ್ದ ಕತ್ತರಿಸಿ, ನೇರಳೆ ಶಾಯಿಯಲ್ಲಿ ಬರೆದು ಹಂಚತೊಡಗಿದರು.

ಹದಿನೈದು ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ಯಾರೋ ತಾವೇ ಬರೆದುಕೊಂಡು ಬಂದು ಕಾಫಿ ಕುಡಿದು ಹೋದರು. ರಾಯರು ಮತ್ತೆ ನನ್ನ ಮುಂದೆ. ಯಾರೂ ನಕಲು ಮಾಡಲಾಗದ ಹಾಗೆ ಒಂದು ಗುರುತು ಹಾಕಿಕೊಡಪ್ಪಾ ಎಂದು ಗೋಗರೆದರು. ನನ್ನ ಮೇಜಿನ ಸೆಳೆಖಾನೆಯಲ್ಲಿ ಮರದ ಹಿಡಿಯ ಒಂದು ದುಂಡು ರಬ್ಬರ್ ಮೊಹರು ಬಿದ್ದಿತ್ತು. ಶಾಖೆ ಬೇರೆ ಬೀದಿಯಲ್ಲಿದ್ದಾಗಿನದು. ಬ್ಯಾಂಕಿನ ಹೆಸರು ಸರಿಯಾಗಿತ್ತು, ವಿಳಾಸ ಹಳೆಯದು. ಉಪಯೋಗವಿಲ್ಲದ್ದು ತಾನೇ ಎಂದು ಊಟದ ಬಿಡುವಿನಲ್ಲಿ ಇನ್ನೂರು ಚೀಟಿಗಳ ಬೆನ್ನಿಗೆ ಅದನ್ನು ಒತ್ತಿಕೊಟ್ಟೆ. ಪ್ರತಿಫಲ, ಬೆಣ್ಣೆ ಹಾಕಿದ ಒಂದು ಮಸಾಲೆದೋಸೆ. ಮುಂದಿನ ವಾರ ಮತ್ತೆ ಮುನ್ನೂರು ತಂದರು. ಮೂರನೆಯ ಸಲ ನನಗೆ ಬೇಜಾರಾಗಿ, ನೀವೇ ಒತ್ತಿಕೊಳ್ಳಿ ಎಂದು ಮೊಹರನ್ನೇ ಅವರ ಕೈಗಿಟ್ಟೆ.

ಹೌದು, ಕೈಗಿಟ್ಟೆ. ಬ್ಯಾಂಕಿನ ಮೊಹರನ್ನು ಹೋಟೆಲಿನವರಿಗೆ, ನೆರೆಮನೆಗೆ ಸೌಟು ಎರವಲು ಕೊಟ್ಟಂತೆ ಕೊಟ್ಟೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಅವನ ಕಿವಿ ಹಿಂಡುತ್ತಿದ್ದೆ.

ಮೊಹರು ಬಿದ್ದ ಮೇಲೆ ಚೀಟಿಗೆ ಕಾಲು ಬಂತು. ಕ್ಷೌರದವನು ತೆಗೆದುಕೊಂಡ, ಜಟಕಾದವನು ತೆಗೆದುಕೊಂಡ, ತರಕಾರಿಯವಳು ತೆಗೆದುಕೊಂಡಳು. ದೇವಸ್ಥಾನದ ಮಂಗಳಾರತಿ ತಟ್ಟೆಗೂ ಬಿತ್ತು. ಅದನ್ನು ಜನ ಕಾಫಿ ಚೀಟಿ ಎನ್ನುವುದು ಬಿಟ್ಟು 'ಬ್ಯಾಂಕ್ ಚೀಟಿ' ಎನ್ನತೊಡಗಿದರು. ಆ ಹೆಸರು ಕಿವಿಗೆ ಬಿದ್ದಾಗಲೇ ನನಗೆ ದಿಗಿಲಾಗಬೇಕಿತ್ತು. ಆಗಲಿಲ್ಲ, ಹೆಮ್ಮೆಯಾಯಿತು! ಕಾಲೇಜಿನಲ್ಲಿ ಓದಿದ್ದು ಕಣ್ಣ ಮುಂದೆ ನಡೆಯುತ್ತಿದೆ, ಒಂದು ತುಂಡು ಕಾಗದ ಕೈಯಿಂದ ಕೈಗೆ ಹೋಗುತ್ತ ಹಣವಾಗುತ್ತಿದೆ ಎಂದು ಬೀಗಿದೆ. ಮನೆಯಲ್ಲಿ ನನ್ನ ಹೆಂಡತಿಯೂ ಹೂವಿಗೆ ಅದನ್ನೇ ಕೊಡುತ್ತಿದ್ದಳು.

ಹೂವು ತರುತ್ತಿದ್ದವಳು ಮುನಿಯಮ್ಮ, ಬಿನ್ನಿಪೇಟೆಯ ಕಡೆಯವಳು. ನಸುಕಿನಲ್ಲಿ ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ ಕೊಂಡು, ಕಟ್ಟಿ, ತಲೆಯ ಮೇಲೆ ಬುಟ್ಟಿ ಹೊತ್ತು ಚಾಮರಾಜಪೇಟೆ, ಬಸವನಗುಡಿಯ ಬೀದಿಗಳನ್ನು ಸುತ್ತುವಳು. ಮಾರ್ಕೆಟ್ಟಿನ ಹೂವಿನ ಮಂಡಿಯವರು ಚೀಟಿ ಮುಟ್ಟುತ್ತಿರಲಿಲ್ಲ. ಅಲ್ಲಿಗೆ ಕಾಸೇ ಬೇಕು. ಹಾಗಾಗಿ ಬಂದ ಕಾಸೆಲ್ಲ ಮರುದಿನದ ಹೂವಿಗೆ ಹೋಗುವುದು, ಉಳಿಯುವ ಲಾಭವೆಲ್ಲ ಚೀಟಿಯಲ್ಲೇ. ಆಕೆಗೆ ಒಬ್ಬಳೇ ಮಗಳು, ಹದಿನಾರು ವರ್ಷದವಳು. ಚಿಕ್ಕಂದಿನಲ್ಲಿ ಜ್ವರ ಬಂದು ಬಲಗಾಲು ಸೋತಿತ್ತು. ಕೂತಲ್ಲೇ ಮಾಡುವ ಕೆಲಸ ಏನಾದರೂ ಆಗಬೇಕು. ಬಳೇಪೇಟೆಯಲ್ಲಿ ಒಂದು ಹಳೆಯ ಹೊಲಿಗೆ ಯಂತ್ರ ನಲವತ್ತೈದು ರೂಪಾಯಿಗೆ ಬರುತ್ತದೆ, ಕೈಯಲ್ಲಿ ತಿರುಗಿಸುವಂಥದ್ದು, ಅದನ್ನು ಕೊಡಿಸಿಬಿಟ್ಟರೆ ತಾನು ಕಣ್ಣು ಮುಚ್ಚಿದರೂ ಅವಳು ಯಾರ ಮುಂದೆಯೂ ಕೈ ಚಾಚುವ ಹಾಗಿಲ್ಲ ಎಂದು ನನ್ನ ಹೆಂಡತಿಯ ಹತ್ತಿರ ಹೇಳುವಳು. ನಲವತ್ತೈದು ರೂಪಾಯಿ ಎಂದರೆ ಏಳುನೂರ ಇಪ್ಪತ್ತು ಚೀಟಿ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಜಗಲಿಯಲ್ಲಿ ಷೂ ಹಾಕಿಕೊಳ್ಳುತ್ತಿದ್ದೆ. ಮುನಿಯಮ್ಮ ಒಂದು ಚೀಟಿಯನ್ನು ತಿರುಗಿಸಿ ಬೆನ್ನಿನ ಮೊಹರು ತೋರಿಸಿದಳು.

"ಸಾಮಿ, ಇದು ನಿಮ್ ಬ್ಯಾಂಕಿಂದೇ ಅಲ್ವಾ? ತುಂಬಿದ್ ಮ್ಯಾಗೆ ತಂದ್ರೆ ನೋಟು ಕೊಡ್ತೀರಾ?"

ನನಗೆ ಆಫೀಸಿಗೆ ಹೊತ್ತಾಗಿತ್ತು. ವಿವರಿಸುತ್ತ ಕೂರಲು ಪುರುಸೊತ್ತಿಲ್ಲ.

"ಹೂಂ, ಇಟ್ಕೋ ಮುನಿಯಮ್ಮ, ಏನೂ ಆಗಲ್ಲ" ಎಂದೆ.

ಅಷ್ಟೇ ಆಡಿದ್ದು. ನಾನು ಜೀವಮಾನದಲ್ಲಿ ಕೊಟ್ಟ ಮೊದಲ ಬ್ಯಾಂಕ್ ಗ್ಯಾರಂಟಿ ಅದು.

ಇತ್ತ ರಾಯರಿಗೆ ಒಂದು ಸತ್ಯ ಹೊಳೆದಿತ್ತು. ನೂರು ಚೀಟಿ ಹೊರಗೆ ಹೋದರೆ ಕಾಫಿ ಕುಡಿಯಲು ವಾಪಸು ಬರುವುದು ಮೂವತ್ತೋ ನಲವತ್ತೋ. ಉಳಿದದ್ದು ಬೀದಿಯಲ್ಲೇ ಸುತ್ತುತ್ತದೆ. ಬ್ಯಾಂಕುಗಳು ನಡೆಯುವುದೂ ಇದೇ ಸತ್ಯದ ಮೇಲೆ. ಠೇವಣಿ ಇಟ್ಟವರೆಲ್ಲ ಒಂದೇ ದಿನ ಬರುವುದಿಲ್ಲವೆಂದು ಸ್ವಲ್ಪ ಹಣ ಪೆಟ್ಟಿಗೆಯಲ್ಲಿಟ್ಟು ಉಳಿದದ್ದನ್ನು ಸಾಲ ಕೊಡುತ್ತೇವೆ. ಆದರೆ ಬ್ಯಾಂಕಿಗೆ ಲೆಕ್ಕವಿದೆ, ಕಡಿವಾಣವಿದೆ, ತಪಾಸಣೆಯಿದೆ. ರಾಯರಿಗೆ ಇದ್ದದ್ದು ಕತ್ತರಿ ಮತ್ತು ನಮ್ಮ ಮೊಹರು. ಹಾಲಿನವನಿಗೂ ಚೀಟಿ, ಸೌದೆಯವನಿಗೂ ಚೀಟಿ, ಕೊನೆಗೆ ಅಡಿಗೆಯವರ ಸಂಬಳಕ್ಕೂ ಚೀಟಿ. ಮನುಷ್ಯ ಕೆಟ್ಟವರಲ್ಲ. ಕತ್ತರಿಸಿದಷ್ಟೂ ಹಣವಾಗುತ್ತಿದ್ದರೆ ಯಾರ ಕೈ ತಾನೇ ನಿಲ್ಲುತ್ತದೆ? ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ಜುಲೈ ಹೊತ್ತಿಗೆ ಕಾಫಿಪುಡಿಯೂ ಸಕ್ಕರೆಯೂ ಕೈಗೆ ಹತ್ತದಂತಾದವು. ಒಂದು ಸೋಮವಾರ ರಾಯರು ಹಲಗೆ ತೂಗುಹಾಕಿದರು. ಕಾಫಿ ಇಂದಿನಿಂದ ಒಂದೂವರೆ ಆಣೆ, ಚೀಟಿ ತಂದವರು ಅರ್ಧಾಣೆ ಸೇರಿಸಿ ಕೊಡತಕ್ಕದ್ದು. ಅರ್ಧಾಣೆ! ಊರಿನಲ್ಲಿ ಅರ್ಧಾಣೆ ಸಿಗದ್ದಕ್ಕೇ ಅಲ್ಲವೇ ಚೀಟಿ ಹುಟ್ಟಿದ್ದು? ಸಂಜೆಯ ಹೊತ್ತಿಗೆ ಕ್ಷೌರದವನು ಚೀಟಿ ಬೇಡವೆಂದ, ಜಟಕಾದವನು ಬೇಡವೆಂದ. ಕೈಯಲ್ಲಿದ್ದವರಿಗೆಲ್ಲ ಒಟ್ಟಿಗೇ ಬೆನ್ನಿನ ಮೊಹರು ನೆನಪಾಯಿತು.

ಮಂಗಳವಾರ ಬೆಳಿಗ್ಗೆ ನಾನು ಬ್ಯಾಂಕಿನ ಬೀದಿಗೆ ತಿರುಗಿದವನು ನಿಂತುಬಿಟ್ಟೆ. ಮುಚ್ಚಿದ ಬಾಗಿಲ ಮುಂದಿನಿಂದ ಹೋಟೆಲು ದಾಟಿ ಮೂಲೆಯವರೆಗೆ ಜನ ನಿಂತಿದ್ದಾರೆ. ಪ್ರತಿಯೊಬ್ಬರ ಕೈಯಲ್ಲೂ ಮದುವೆ ಕಾಗದದ ತುಂಡುಗಳು. ಗುರುತಿನವರೊಬ್ಬರು, ನಿಮ್ಮ ಬ್ಯಾಂಕು ಮುಳುಗಿತಂತೆ, ನಿಜವೇ ಎಂದು ಕೇಳಿದರು. ಅದಕ್ಕಿಂತ ಭಯಂಕರವಾದದ್ದು ಸಾಲಿನ ಹಿಂಭಾಗದಲ್ಲಿತ್ತು. ಅಲ್ಲಿ ನಿಂತವರ ಕೈಯಲ್ಲಿ ಚೀಟಿಯಿರಲಿಲ್ಲ, ಪಾಸ್‌ಬುಕ್ಕಿತ್ತು. ಸಾಲು ನೋಡಿ ಗಾಬರಿಯಾಗಿ ತಮ್ಮ ಠೇವಣಿ ಎತ್ತಲು ಬಂದವರು. ಇದಕ್ಕೆ ಬ್ಯಾಂಕಿನವರು 'ರನ್' ಎನ್ನುತ್ತಾರೆ. ಗಟ್ಟಿಮುಟ್ಟಾದ ಬ್ಯಾಂಕನ್ನೂ ಎರಡು ದಿನದಲ್ಲಿ ಮಲಗಿಸಬಲ್ಲ ಕಾಯಿಲೆ ಅದು.

ಪಕ್ಕದ ಬಾಗಿಲಿನಿಂದ ಒಳಗೆ ಹೋದೆ. ಶ್ರೀಕಂಠಯ್ಯನವರು ನಿಂತೇ ಇದ್ದರು, ಮುಖದಲ್ಲಿ ರಕ್ತವಿಲ್ಲ. ಮೇಜಿನ ಮೇಲೆ ಒಂದು ಚೀಟಿ ಬೋರಲಾಗಿ ಬಿದ್ದಿತ್ತು.

"ಈ ಮೊಹರು ಎಲ್ಲಿದೆ?" ಎಂದರು.

"ರಾಯರ ಹತ್ತಿರ ಇದೆ, ಸಾರ್" ಎಂದೆ.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು ನಿಧಾನವಾಗಿ ಕೂತರು. ಆ ಸ್ಥಿತಿಯಲ್ಲಿ ಅವರನ್ನು ನೋಡಿದ್ದು ನನಗೆ ಬೈಗುಳಕ್ಕಿಂತ ಹೆಚ್ಚಿನ ಪೆಟ್ಟು. ತಂದವರಿಗೆ ಹಣ ಕೊಡುತ್ತೇವೆಂದು ಚೀಟಿ ಹೊರಡಿಸುವ ಅಧಿಕಾರ ಸರ್ಕಾರದ್ದು, ನಾವು ಇದಕ್ಕೆ ಒಂದು ಕಾಸು ಕೊಟ್ಟರೂ ಅಪರಾಧ ಒಪ್ಪಿಕೊಂಡಂತೆ ಎಂದರು. ಕೊಡದಿದ್ದರೆ ತಮ್ಮ ಮೊಹರಿಗೇ ಹಣ ಕೊಡದವರೆಂದು ಪಾಸ್‌ಬುಕ್ಕಿನವರೆಲ್ಲ ಮೇಲೆ ಬೀಳುತ್ತಾರೆ. ಪೆಟ್ಟಿಗೆಯಲ್ಲಿದ್ದದ್ದು ಒಟ್ಟು ಠೇವಣಿಯ ಐದರಲ್ಲಿ ಒಂದು ಭಾಗವೂ ಅಲ್ಲ.

ಹತ್ತೂವರೆಗೆ ತೆರೆಯಬೇಕಾದ ಬಾಗಿಲನ್ನು ಅವರು ಹತ್ತು ಗಂಟೆಗೇ ತೆಗೆಸಿದರು. ಪಾಸ್‌ಬುಕ್ಕಿನವರನ್ನು ಮೊದಲು ಕರೆದು, ಕೇಳಿದಷ್ಟನ್ನು ನಗುನಗುತ್ತಾ ಕೊಡಲು ಕ್ಯಾಷಿಯರಿಗೆ ಹೇಳಿದರು. ಆಮೇಲೆ ನನ್ನನ್ನು ಕರೆದುಕೊಂಡು ಹೋಟೆಲಿಗೆ ನಡೆದರು. ರಾಯರು ಒಳಗೆ ಚಿಲಕ ಹಾಕಿಕೊಂಡಿದ್ದರು. ಅವರನ್ನು ಹೊರಗೆ ಕರೆತಂದು ಒಂದೇ ಮಾತು ಹೇಳಿದರು, ಕಾಫಿ ನಿಮ್ಮದು, ಮಾತು ನಿಮ್ಮದು, ತೀರಿಸುವವರೂ ನೀವೇ. ರಾಯರು ತಮ್ಮ ಖಾತೆಯ ಚೆಕ್ಕಿಗೆ ಸಹಿ ಹಾಕಿದರು. ಖಾತೆಯಲ್ಲಿದ್ದದ್ದು ನಾಲ್ಕುನೂರ ಹನ್ನೆರಡು ರೂಪಾಯಿ. ಮ್ಯಾನೇಜರು ಹೋಟೆಲಿನ ಜಗಲಿಯಲ್ಲಿ ಮೇಜು ಹಾಕಿಸಿ ನನ್ನನ್ನು ಕೂರಿಸಿದರು. ಹದಿನಾರು ಚೀಟಿಗೆ ಒಂದು ರೂಪಾಯಿ ನೋಟು. ಹದಿನಾರಕ್ಕೆ ಕಡಿಮೆಯಿದ್ದವರಿಗೆ ಒಳಗೆ ಹಳೆಯ ದರದಲ್ಲೇ ಕಾಫಿ.

ಉಪಾಯ ಫಲಿಸಿತು. ಸಾಲು ಬ್ಯಾಂಕನ್ನು ಬಿಟ್ಟು ಹೋಟೆಲಿಗೆ ತಿರುಗಿತು. ಕೇಳಿದ ಕೂಡಲೇ ಹಣ ಸಿಗುವುದನ್ನು ಕಂಡ ಪಾಸ್‌ಬುಕ್ಕಿನವರಲ್ಲಿ ಅರ್ಧ ಜನ ಮಧ್ಯಾಹ್ನದೊಳಗೆ ಅದನ್ನು ಮತ್ತೆ ಕಟ್ಟಿ ಹೋದರು. ಆದರೆ ನನ್ನ ಮೇಜಿನ ಮುಂದಿನ ಸಾಲು ಕರಗಲಿಲ್ಲ. ಎಷ್ಟು ಚೀಟಿ ಹೊರಗಿದೆ ಎಂದು ಕೇಳಿದರೆ ರಾಯರು ಎರಡು ಸಾವಿರ ಇರಬಹುದು ಎಂದಿದ್ದರು. ಹನ್ನೊಂದಕ್ಕೇ ಎರಡು ಸಾವಿರ ದಾಟಿತು. ಒಂದು ಗಂಟೆಗೆ ನಾಲ್ಕು ಸಾವಿರ. ನಾನು ರಾಯರ ಮುಖ ನೋಡಿದೆ, ಅವರು ಬಾಯಿ ತೆರೆದುಕೊಂಡು ಚೀಟಿಯ ರಾಶಿ ನೋಡುತ್ತಿದ್ದರು. ತಾವೇ ಕತ್ತರಿಸಿದ್ದು, ಎಷ್ಟೆಂದು ತಮಗೇ ಗೊತ್ತಿಲ್ಲ. ಮೂರು ಗಂಟೆಗೆ ಆರು ಸಾವಿರದ ಐನೂರ ತೊಂಬತ್ತೆರಡನೆಯ ಚೀಟಿಗೆ ಕೊನೆಯ ರೂಪಾಯಿ ಕೊಟ್ಟೆ. ಸಾಲೂ ಮುಗಿದಿತ್ತು. ಬದುಕಿದೆ ಎಂದುಕೊಂಡು ಬೆವರು ಒರೆಸಿಕೊಂಡೆ.

ಆಗ ಮುನಿಯಮ್ಮ ಬಂದಳು. ಅಂದು ಬಸವನಗುಡಿಯ ಸುತ್ತು ಮಾತ್ರ ಮುಗಿಸಿ, ಬಿನ್ನಿಪೇಟೆಗೆ ಹೋಗಿ ಡಬ್ಬಿ ತೆಗೆದುಕೊಂಡು ನಡೆದೇ ಬಂದಿದ್ದಳು. ಇಲ್ಲಿ ಗದ್ದಲವೆದ್ದಿದ್ದು ಆಕೆಗೆ ಗೊತ್ತೇ ಇರಲಿಲ್ಲ. ಹಿಂದಿನ ದಿನವಷ್ಟೇ ಎಣಿಕೆ ತುಂಬಿತ್ತಂತೆ. ಜಗಲಿಯ ಮೆಟ್ಟಿಲ ಕೆಳಗೆ ನಿಂತು ಡಬ್ಬಿಯನ್ನು ನನ್ನ ಮೇಜಿಗೆ ಎಟುಕಿಸಿದಳು. ಹದಿನಾರು ಹದಿನಾರರ ಕಂತೆ ಮಾಡಿ, ಒಂದೊಂದನ್ನೂ ಬಾಳೆನಾರಿನಲ್ಲಿ ಕಟ್ಟಿದ್ದಳು. ನಲವತ್ತೈದು ಕಂತೆ. ಮಲ್ಲಿಗೆಯ ವಾಸನೆ ಬರುತ್ತಿತ್ತು.

ಹಣ ಮುಗಿಯಿತು ಎಂದು ನಾನು ಹೇಗೆ ಹೇಳಿದೆನೋ ನೆನಪಿಲ್ಲ. ಮುನಿಯಮ್ಮ ಕೂಗಾಡಲಿಲ್ಲ. ಅತ್ತಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ಒಂದು ಕಂತೆ ತೆಗೆದು ಬೆನ್ನಿನ ಮೊಹರನ್ನು ನನ್ನ ಕಡೆ ಹಿಡಿದಳು.

"ನೀವೇ ಅಂದ್ರಲ್ಲ ಸಾಮಿ, ಏನೂ ಆಗಲ್ಲ ಅಂತ."

ರಾಯರು ಗಲ್ಲಾಪೆಟ್ಟಿಗೆ ಬೋರಲು ಹಾಕಿ ತೋರಿಸಿದರು. ಹಣವಿಲ್ಲಮ್ಮ, ಆದರೆ ಚೀಟಿಯಲ್ಲಿ ಬರೆದ ಮಾತಿಗೆ ತಪ್ಪುವುದಿಲ್ಲ, ದಿನಾ ಬಂದು ಎಷ್ಟು ಬೇಕಾದರೂ ಕಾಫಿ ಕುಡಿ ಎಂದುಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಮುನಿಯಮ್ಮ ಹಜಾರದ ಬಾಗಿಲನ್ನೊಮ್ಮೆ ನೋಡಿದಳು. "ನಮ್ಮೋರ್ನ ಒಳಿಕ್ಕೆ ಬಿಡಾಕಿಲ್ವಲ್ಲ ಸಾಮಿ" ಎಂದಳು.

ರಾಯರು ತಲೆ ತಗ್ಗಿಸಿದರು. ನನಗೆ ಬಡಿದ ಸಿಡಿಲು ಬೆಳಗಿನ ಸಾಲು ನೋಡಿದಾಗಲೂ ಬಡಿದಿರಲಿಲ್ಲ. ಆಕೆಯ ಜಾತಿಯವರಿಗೆ ಆ ಹೋಟೆಲಿನೊಳಗೆ ಪ್ರವೇಶವಿಲ್ಲ. ಅದು ನನಗೆ ಗೊತ್ತಿತ್ತು. ಬೀದಿಗೆಲ್ಲ ಗೊತ್ತಿತ್ತು. ಒಳಕೋಣೆಗೆ ನನ್ನನ್ನು ಬಿಡುವುದಿಲ್ಲವೆಂದು ಒಳಗೊಳಗೇ ಕುದಿಯುತ್ತಿದ್ದ ನಾನು, ಈಕೆಗೆ ಮೆಟ್ಟಿಲೂ ಇಲ್ಲವೆಂಬುದನ್ನು ಒಂದು ದಿನವೂ ಯೋಚಿಸಿರಲಿಲ್ಲ. ಐದು ತಿಂಗಳು ನಾವೆಲ್ಲ ಸೇರಿ ಆಕೆಯ ಹೂವು ಮುಡಿದು, ಆಕೆ ಎಂದೂ ಕುಡಿಯಲಾಗದ ಏಳುನೂರ ಇಪ್ಪತ್ತು ಲೋಟ ಕಾಫಿಯನ್ನು ಆಕೆಗೆ ಕೊಟ್ಟಿದ್ದೆವು. ಥೂ ನಿನ್ನ ಅರ್ಥಶಾಸ್ತ್ರಕ್ಕಿಷ್ಟು ಎಂದು ನನಗೆ ನಾನೇ ಉಗಿದುಕೊಂಡೆ.

ಶ್ರೀಕಂಠಯ್ಯನವರು ನನ್ನ ಕಡೆ ನೋಡಿದರು. ತಿಂಗಳಿಗೆ ಒಂಬತ್ತು ರೂಪಾಯಿಯಂತೆ ಐದು ತಿಂಗಳು ನನ್ನ ಸಂಬಳದಿಂದ ಕೊಡುತ್ತೇನೆ ಎಂದೆ. ಬ್ಯಾಂಕಿನಲ್ಲಿ ಖಾತೆ ತೆರೆದು ಅದಕ್ಕೇ ಕಟ್ಟಿಬಿಡುತ್ತೇವಮ್ಮ ಎಂದು ಮ್ಯಾನೇಜರು ಹೇಳಿದ್ದಕ್ಕೆ ಮುನಿಯಮ್ಮ ಬೇಡವೆಂದು ಕೈ ಆಡಿಸಿದಳು. ಬ್ಯಾಂಕೂ ಬೇಡ, ಮೊಹರೂ ಬೇಡ, ಕೈಗೆ ಕೊಟ್ಟರೆ ಸಾಕು ಎಂದಳು.

ಮೊಹರನ್ನು ಶ್ರೀಕಂಠಯ್ಯನವರು ಪೆನ್ಸಿಲ್ ಚೂರಿಯಿಂದ ನಾಲ್ಕು ತುಂಡು ಮಾಡಿ ಒಲೆಗೆ ಹಾಕಿಸಿದರು. ನನ್ನನ್ನು ಕೌಂಟರಿನಿಂದ ತೆಗೆದು ಲೆಡ್ಜರಿಗೆ ಹಾಕಿದರು, ಆ ವರ್ಷದ ಇನ್‌ಕ್ರಿಮೆಂಟು ಹೋಯಿತು. ಕೆಲಸ ಉಳಿಯಿತು, ಅದು ಅವರ ದೊಡ್ಡತನ. ಮನೆಯಲ್ಲಿ ಐದು ತಿಂಗಳು ಸಾರಿಗೆ ಬೇಳೆ ಅರ್ಧಕ್ಕಿಳಿಯಿತು. ಹೆಂಡತಿ ಹೂವು ಮುಡಿಯುವುದನ್ನು ಬಿಟ್ಟಳು.

ಪ್ರತಿ ತಿಂಗಳ ಮೊದಲ ಭಾನುವಾರ ಬಿನ್ನಿಪೇಟೆಗೆ ನಡೆದು ಹೋಗಿ ಒಂಬತ್ತು ರೂಪಾಯಿ ಕೊಡುತ್ತಿದ್ದೆ. ಮುನಿಯಮ್ಮ ಒಂಬತ್ತು ಕಂತೆ ವಾಪಸು ಕೊಡುವಳು. ಐದನೆಯ ತಿಂಗಳು ಹೋದಾಗ ಕೊನೆಯ ಕಂತೆಯಲ್ಲಿ ಒಂದು ಚೀಟಿ ಕಡಿಮೆಯಿತ್ತು. ಕೇಳಿದೆ. ಒಂದನ್ನು ಇಟ್ಟುಕೊಂಡಿದ್ದೇನೆ, ಹೋಟೆಲಿನೊಳಗೆ ಬಿಟ್ಟ ದಿನ ಕುಡಿಯುತ್ತೇನೆ ಎಂದಳು. ಮರುವಾರ ಹೊಲಿಗೆ ಯಂತ್ರ ಆಕೆಯ ಮನೆಗೆ ಬಂತು. ನನ್ನ ಮಕ್ಕಳ ಲಂಗ, ಚಡ್ಡಿಗಳನ್ನೆಲ್ಲ ಮುಂದೆ ಆಕೆಯ ಮಗಳೇ ಹೊಲಿದಳು.

ಆಮೇಲೆ ಎಷ್ಟೋ ಶಾಖೆಗಳಲ್ಲಿ ಹೊಸ ಗುಮಾಸ್ತರಿಗೆ ನಾನು ಪಾಠ ಹೇಳಿದ್ದೇನೆ. ಹಣ ಎಂದರೆ ನಂಬಿಕೆ ಎಂದು ಪುಸ್ತಕದಲ್ಲಿದೆ, ಅದು ಸರಿ. ಆದರೆ ನಿಮ್ಮ ಕಾಗದ ಹಿಡಿದವರು ಯಾರು, ಅದರಲ್ಲಿ ಬರೆದದ್ದನ್ನು ಪಡೆಯಲು ಅವರು ಒಳಗೆ ಬರಲಾಗುತ್ತದೆಯೇ ಎಂದು ನೋಡಿ, ಆಮೇಲೆ ಮೊಹರು ಒತ್ತಿ ಎನ್ನುತ್ತಿದ್ದೆ. ಅರ್ಧ ಜನಕ್ಕೆ ಅದು ಅರ್ಥವಾಗುತ್ತಿರಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ, ನಾಚಿಕೆಯಾಗುತ್ತಿತ್ತು.

1951ರಲ್ಲಿ ನಾನು ಅದೇ ಶಾಖೆಗೆ ಮ್ಯಾನೇಜರಾಗಿ ಬಂದೆ. ಸಂವಿಧಾನ ಬಂದು ಒಂದು ವರ್ಷವಾಗಿತ್ತು. ರಾಯರು ಹೋಟೆಲಿನ ಒಳಕೋಣೆಯ ಗೋಡೆ ಒಡೆಸಿ ಎಲ್ಲರಿಗೂ ಒಂದೇ ಹಜಾರ ಮಾಡಿದ್ದರು. ಒಂದು ದಿನ ಹನ್ನೊಂದರ ಹೊತ್ತಿಗೆ ಮುನಿಯಮ್ಮ ಬುಟ್ಟಿಯನ್ನು ನನ್ನ ಬ್ಯಾಂಕಿನ ಮೆಟ್ಟಿಲ ಮೇಲಿಟ್ಟು ಒಳಗೆ ಬಂದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಸೆರಗಿನ ಗಂಟಿನಿಂದ ಚೀಟಿ ತೆಗೆದು ತೋರಿಸಿದಳು. ನೇರಳೆ ಶಾಯಿ ಕಂದಿತ್ತು, ಮೊಹರು ಇನ್ನೂ ಕಾಣುತ್ತಿತ್ತು.

"ಬನ್ನಿ ಮುನಿಯಮ್ಮ" ಎಂದು ನಾನೇ ಎದ್ದು ಜೊತೆಗೆ ಹೋದೆ.

ಕಾಫಿಗೆ ಆಗ ಎರಡಾಣೆ. ರಾಯರು ಚೀಟಿಯನ್ನು ಎರಡು ಕೈಯಲ್ಲೂ ತೆಗೆದುಕೊಂಡರು, ಮೇಲೆ ಒಂದಾಣೆ ಕೇಳಲಿಲ್ಲ. ಲೋಟವನ್ನು ತಾವೇ ತಂದು ಕಲ್ಲಿನ ಮೇಜಿನ ಮೇಲಿಟ್ಟರು. ಮುನಿಯಮ್ಮ ಕುರ್ಚಿಯ ತುದಿಯಲ್ಲಿ ಕೂತು, ಊದಿ ಊದಿ ಕುಡಿದು ಮುಗಿಸಿದಳು. ಖಾಲಿ ಲೋಟದೊಳಕ್ಕೆ ಒಮ್ಮೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಇಷ್ಟೇನಾ ಸಾಮಿ?" ಎಂದಳು.